ಸೇತುವೆಯ ಮೇಲೆ ನಿಂತ ಲಾರಿಯ ಫೋಟೋ

ಚನ್ನರಾಯಪಟ್ಟಣದಲ್ಲಿ ಲಾರಿ ತೂಗುವ ಕಡೆ ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದನ್ನು ನಾನು ಮೊದಲು ನೋಡಿದ್ದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ. ತೆಂಗಿನಕಾಯಿ ತುಂಬಿದ ಲಾರಿಯೊಂದು ಕಬ್ಬಿಣದ ಹಾಸಿನ ಮೇಲೆ ಹತ್ತಿ ನಿಂತಿತು. ಒಳಗೆ ಕಂಪ್ಯೂಟರಿನಲ್ಲಿ ಅದರ ತೂಕ, ನಂಬರು, ಫೋಟೋ ಮೂರೂ ಒಟ್ಟಿಗೆ ಬಂದವು. ಡ್ರೈವರು ಕ್ಯಾಮೆರಾದ ಕಡೆ ಕತ್ತೆತ್ತಿ ಕೂಡ ನೋಡಲಿಲ್ಲ, ಕಿವಿ ಕೆರೆದುಕೊಳ್ಳುತ್ತಾ ಹೊರಟೇಹೋದ. ನಮ್ಮ ಯಜಮಾನರು ಮಾತ್ರ ಹಾಸನದ ಬಸ್ಸು ಬಂದು ಹಾರನ್ ಹೊಡೆದರೂ ನಿಂತಲ್ಲಿಂದ ಅಲ್ಲಾಡಲಿಲ್ಲ.

“ಫೋಟೋ ತೆಗೆಯೋನೇ ಇಲ್ಲ ನೋಡೇ,” ಅಂದರು.

“ಅದಕ್ಕೇ ಯಾರೂ ನಗ್ತಾ ಇಲ್ಲ. ಬನ್ನಿ, ಬಸ್ಸು ಹೋಗುತ್ತೆ,” ಅಂದೆ.

ಹಾಗಂದೆನೇ ಹೊರತು ಬಸ್ಸಿನಲ್ಲಿ ಕೂತ ಮೇಲೆ ನನಗೂ ಮನಸ್ಸು ನಿಲ್ಲಲಿಲ್ಲ. ಇಂಥ ಯಂತ್ರ ನಮ್ಮ ಸೀಮೆಗೆ ಬರುವ ಎಷ್ಟೋ ಮೊದಲು, ತೊಂಬತ್ತರ ದಶಕದ ನಡುವಿನಲ್ಲಿ, ಓವರ್‌ಲೋಡ್ ಲಾರಿಗಳನ್ನು ಕ್ಯಾಮೆರಾದಿಂದ ಹಿಡಿಯಲು ಹೊರಟವರು ನಾವಿಬ್ಬರು. ನಾವು ಹಿಡಿಯಲು ಹೋದದ್ದು ಒಂದು, ಕ್ಯಾಮೆರಾಕ್ಕೆ ಸಿಕ್ಕಿದ್ದು ಇನ್ನೊಂದು. ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಮ್ಮದು ಹೊಳೆನರಸೀಪುರ. ಬಸ್ ಸ್ಟ್ಯಾಂಡಿನ ಹತ್ತಿರ ಇವರದೊಂದು ಫೋಟೋ ಸ್ಟುಡಿಯೋ. ನಾನು ಹಳೇಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಇವರದು ಮೆತ್ತಗಿನ ಸ್ವಭಾವ. ದಿನಕ್ಕೆ ಇವರ ಬಾಯಿಂದ ಬರುವ ಮಾತುಗಳಲ್ಲಿ ಮುಕ್ಕಾಲು ಪಾಲು “ಗಲ್ಲ ಸ್ವಲ್ಪ ಮೇಲೆ” ಎಂಬುದೇ ಆಗಿರುತ್ತಿತ್ತು. ನನ್ನದು ಬಾಯಿ ಜೋರು. ಮನೆಯಲ್ಲಿ ಇಬ್ಬರ ಮಾತನ್ನೂ ಇವಳೊಬ್ಬಳೇ ಆಡಿ ಮುಗಿಸುತ್ತಾಳೆ ಎಂದು ನಮ್ಮತ್ತೆ ಬಂದವರೆದುರು ಹೇಳಿ ನಗುತ್ತಿದ್ದರು.

ನಾನು ಶಾಲೆಗೆ ಹೋಗುತ್ತಿದ್ದ ಬಸ್ಸು ದಾರಿಯ ಹಳ್ಳಿಗಳಲ್ಲಿ ನಿಂತು ನಿಂತು ನಮ್ಮ ಹುಡುಗಿಯರನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಹುಡುಗರು ಸೈಕಲ್ಲಿನಲ್ಲೋ ನಡೆದೋ ಹೇಗೋ ಬಂದು ಸೇರುತ್ತಿದ್ದರು. ಹುಡುಗಿಯರಿಗೆ ಬಸ್ಸು ಬಿಟ್ಟರೆ ಗತಿಯಿಲ್ಲ. ಶಾಲೆ ಸಿಗುವ ಸ್ವಲ್ಪ ಮೊದಲು ಒಂದು ಹಳ್ಳ, ಹಳ್ಳದ ಮೇಲೆ ಹಳೆಯ ಸೇತುವೆ. ಎರಡು ದಡದಲ್ಲೂ ಕಲ್ಲಿನ ಕಟ್ಟೆ, ನಡುವೆ ಕಬ್ಬಿಣದ ತೊಲೆಗಳು, ಅದರ ಮೇಲೆ ರಸ್ತೆ. ಭಾರದ ಮಿತಿ ಬರೆದ ಬೋರ್ಡೊಂದು ಸೇತುವೆಯ ತಲೆಯಲ್ಲಿ ಇತ್ತು. ಅದರ ಮೇಲೆ ಚುನಾವಣೆಗೊಂದು ಪೋಸ್ಟರು ಅಂಟಿಸಿ, ಮುಂದಿನ ಚುನಾವಣೆಗೆ ಅದನ್ನು ಕಿತ್ತು ಇನ್ನೊಂದು ಅಂಟಿಸುತ್ತಿದ್ದರು.

ಶಾಲೆಯಿಂದಾಚೆ ಕಲ್ಲುಗಣಿ ಶುರುವಾಗುವ ತನಕ ಆ ಸೇತುವೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅರಕಲಗೂಡು, ಹಾಸನ, ಎಲ್ಲಿ ನೋಡಿದರೂ ಮನೆ ಕಟ್ಟುವ ಭರಾಟೆ. ಸೈಜುಗಲ್ಲು ತುಂಬಿದ ಲಾರಿಗಳು ಒಂದರ ಹಿಂದೊಂದು ನಮ್ಮ ರಸ್ತೆಯಲ್ಲಿ ಬರತೊಡಗಿದವು. ಪಕ್ಕದ ಹಲಗೆಗಿಂತ ಮೇಲಕ್ಕೆ ಕಲ್ಲು ಪೇರಿಸಿರುತ್ತಿದ್ದರು. ಅವು ಸೇತುವೆ ಹತ್ತಿದರೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ನನಗೆ ಕಿಟಕಿಯ ಗಾಜು ಗುಂಯ್‌ಗುಡುವುದು ಕೇಳಿಸುತ್ತಿತ್ತು. ಕೆಲವೊಮ್ಮೆ ನಮ್ಮ ಬಸ್ಸು ಸೇತುವೆಯ ಮೇಲಿರುವಾಗಲೇ ಎದುರಿನಿಂದ ಲಾರಿ ನುಗ್ಗುತ್ತಿತ್ತು. ಆಗ ಸೀಟಿನ ಕೆಳಗೆ ಏನೋ ಜಾರಿದ ಹಾಗಾಗುತ್ತಿತ್ತು. ನಾನು ಕಂಬಿ ಹಿಡಿದು ಕೂರುತ್ತಿದ್ದೆ. ಹುಡುಗಿಯರು ನಗುತ್ತಿದ್ದರು.

ಹೀಗೆ ಒಂದು ದಿನ ತಡೆಯಲಾರದೆ ರಸ್ತೆ ಸೇತುವೆ ನೋಡಿಕೊಳ್ಳುವ ಇಂಜಿನಿಯರ್ ಹತ್ತಿರ ಹೋದೆ. ಜಗಳಕ್ಕೇ ತಯಾರಾಗಿ ಹೋಗಿದ್ದೆ. ಅವರು ಒಳ್ಳೆಯ ಮನುಷ್ಯ, ಕುರ್ಚಿ ಎಳೆದು ಕೂರಿಸಿದರು.

“ನೀವು ಹೇಳೋದೆಲ್ಲ ಸರಿ ಮೇಡಂ. ಲಾರಿಯಲ್ಲಿ ಮಿತಿ ಮೀರಿ ಭಾರ ಇದೆ ಅಂತ ತೋರಿಸಿ, ತಡೀತೀವಿ. ತೂಗೋ ಮಿಷನ್ ನಮ್ಮತ್ರ ಇಲ್ಲ. ಅದು ಬಿಟ್ಟರೆ ಇನ್ನೊಂದು ದಾರಿ ಇದೆ. ಸೇತುವೆಗೇ ಶಕ್ತಿ ಇಲ್ಲ ಅಂತ ನಾನು ಬರೀಬಹುದು. ಬರೆದ್ರೆ ನಾಳೆಯಿಂದಲೇ ಬಂದ್. ನಿಮ್ಮ ಬಸ್ಸೂ ಬಂದ್, ಈಚೆ ದಡದಲ್ಲಿ ತಿರುಗಿಸೋಕೆ ಜಾಗ ಇಲ್ಲ, ರೂಟೇ ನಿಲ್ಲಿಸ್ತಾರೆ. ಬರೀಲಾ?”

ಅದಕ್ಕೂ ಹಿಂದೆ ಒಂದು ಸಲ, ರಸ್ತೆ ಕೊಚ್ಚಿಹೋಗಿದೆ ಎಂದು ಒಂದು ಮಳೆಗಾಲ ಪೂರ್ತಿ ಬಸ್ಸು ನಿಂತಿತ್ತು. ಬಸ್ಸು ತಿರುಗಿ ಬಂದಾಗ ಹುಡುಗಿಯರೆಲ್ಲ ತಿರುಗಿ ಬರಲಿಲ್ಲ. ಅವರಲ್ಲೊಬ್ಬಳನ್ನು ಆಮೇಲೆ ಸಂತೆಯಲ್ಲಿ ಕಂಡೆ. ಕೊರಳಲ್ಲಿ ತಾಳಿ, ಕೈಯಲ್ಲಿ ಸೊಪ್ಪಿನ ಚೀಲ. “ನಮಸ್ಕಾರ ಮಿಸ್” ಅಂದಳು, ತಲೆ ಎತ್ತಲಿಲ್ಲ. ತರಗತಿಯಲ್ಲಿ ನಾನು ಪ್ರಶ್ನೆ ಕೇಳುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ ಅವಳು. ಇಂಜಿನಿಯರಿಗೆ “ಬರೀಬೇಡಿ ಸಾರ್” ಎಂದು ಹೇಳಿ ಎದ್ದು ಬಂದೆ.

ಲಾರಿ ನಿಲ್ಲಬೇಕು, ಬಸ್ಸು ನಿಲ್ಲಬಾರದು. ಮನೆಗೆ ಬಂದವಳೇ ಇವರ ಮುಂದೆ ಕೂತೆ. ಹಲಗೆಗಿಂತ ಮೇಲಕ್ಕೆ ಎದ್ದ ಕಲ್ಲು, ಲಾರಿಯ ನಂಬರು, ಸೇತುವೆಯ ಮಿತಿ ಬೋರ್ಡು, ಮೂರೂ ಒಂದೇ ಫೋಟೋದಲ್ಲಿ ಬರಬೇಕು, ಅಷ್ಟು ಸಾಕ್ಷಿ ಇದ್ದರೆ ಯಾರೂ ಇಲ್ಲ ಅನ್ನುವ ಹಾಗಿಲ್ಲ ಎಂದೆ.

“ಕ್ಯಾಮೆರಾ ಮದುವೆಗೆ ಇರೋದು ಕಣೇ, ಜಗಳಕ್ಕಲ್ಲ,” ಅಂದರು. ಆದರೂ ಭಾನುವಾರ ಬೆಳಿಗ್ಗೆ ಸ್ಕೂಟರಿಗೆ ಕ್ಯಾಮೆರಾದ ಸ್ಟ್ಯಾಂಡು ಕಟ್ಟುತ್ತಿದ್ದರು.

ಹಳ್ಳದ ದಡದಲ್ಲಿ ಇಳಿದು, ಸೇತುವೆ ಪಕ್ಕದಿಂದ ಪೂರ್ತಿ ಕಾಣುವ ಹಾಗೆ ಸ್ಟ್ಯಾಂಡು ನೆಟ್ಟರು. ತಂದಿದ್ದು ದೊಡ್ಡ ನೆಗೆಟಿವ್ ಬರುವ ಅವರ ಹಳೆಯ ಕ್ಯಾಮೆರಾ. ನಾನು ಹೋಗಿ ಮಿತಿ ಬೋರ್ಡಿನ ಮೇಲಿದ್ದ ಪೋಸ್ಟರನ್ನು ಕಿತ್ತುಹಾಕಿ ಬಂದೆ. ಇವರು ರೋಲು ಹಾಕಿ ಮೊದಲ ಫೋಟೋವನ್ನು ಖಾಲಿ ಸೇತುವೆಯದೇ ತೆಗೆದರು. ಅದೊಂದು ಅಭ್ಯಾಸ. ರೋಲಿನ ಮೊದಲ ಫೋಟೋದಲ್ಲಿ ಮನುಷ್ಯರನ್ನು ಹಿಡಿಯಬಾರದು, ಅದು ದೇವರಿಗೆ ಎಂದು ಅವರ ತಂದೆ ಕಲಿಸಿದ್ದರಂತೆ. ಮದುವೆಗೆ ಹೋದರೂ ಮೊದಲು ಚಪ್ಪರವನ್ನೋ ಬಾಳೆಕಂಬವನ್ನೋ ತೆಗೆದು ಆಮೇಲೆ ಜನರ ಕಡೆ ತಿರುಗುತ್ತಿದ್ದರು. ಫಿಲಂ ದಂಡ ಎಂದು ನಾನು ಎಷ್ಟೋ ಸಲ ಗೊಣಗಿದ್ದೆ.

ಲಾರಿಯ ಸದ್ದು ಕೇಳಿಸಿತು. ನಾನು ಒಂದು ಹೊಂಗೆಮರದ ಹಿಂದೆ ಅಡಗಿಕೊಂಡೆ. ಕಳ್ಳನನ್ನು ಹಿಡಿಯಲು ಬಂದವಳ ಹಾಗೆ ಅಲ್ಲಿಂದ ಇಣುಕುತ್ತಿದ್ದೆ. ಲಾರಿ ಸೇತುವೆ ಹತ್ತಿತು, ನಡುವಿಗೆ ಬಂತು. ಕ್ಯಾಮೆರಾ ನೋಡಿ ಡ್ರೈವರು ಗಾಡಿ ಓಡಿಸಿಬಿಡುತ್ತಾನೆ, ಇವರು ಬೇಗ ಒತ್ತಬೇಕು ಎಂದು ಕಾಯುತ್ತಿದ್ದೆ. ಆದದ್ದೇ ಬೇರೆ. ಡ್ರೈವರು ಬ್ರೇಕು ಹಾಕಿ, ಸೇತುವೆಯ ನಟ್ಟನಡುವೆ ಲಾರಿ ನಿಲ್ಲಿಸಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

“ಸಾ! ಒಸಿ ತಡೀರಿ ಸಾ, ತಡೀರಿ! ತಲೆ ಬಾಚ್ಕೊಂಡ್ ಬತ್ತೀನಿ!”

ನಾನು ಯೋಚಿಸಬೇಕಿತ್ತು. ನಮ್ಮ ಕಡೆ ಆಯುಧಪೂಜೆಗೆ ಲಾರಿಗೆ ಹಾರ ಹಾಕಿ, ಬಾಳೆಕಂದು ಕಟ್ಟಿ, ಫೋಟೋ ಹೊಡೆಸದ ಡ್ರೈವರಿಲ್ಲ. ತಾಲ್ಲೂಕಿನ ಅರ್ಧ ಲಾರಿಗಳನ್ನು ತೆಗೆದವರು ಇವರೇ. ಹೊಸ ಗಾಡಿ ಬಂದರೆ ಹೆಂಡತಿ ಮಕ್ಕಳಿಗಿಂತ ಮೊದಲು ಅದರ ಪಕ್ಕ ನಿಂತು ಒಂದು ಫೋಟೋ ಆಗಬೇಕು. ಸ್ಟುಡಿಯೋದವರು ಕ್ಯಾಮೆರಾ ಹಿಡಿದು ರಸ್ತೆಯಲ್ಲಿ ನಿಂತಿದ್ದಾರೆ ಎಂದರೆ ಅವನಿಗೆ ತಿಳಿದದ್ದು ಒಂದೇ. ಅವನು ಇಳಿದು ಬಂದ. ಕ್ಲೀನರು ತನ್ನ ಟವೆಲಿನಿಂದ ಮುಂದಿನ ಗಾಜು ಒರೆಸಿದ, ಬಂಪರು ಒರೆಸಿದ, ನಿಂಬೆಹಣ್ಣಿನ ಸರ ನೇರ ಮಾಡಿದ.

ನಾನು ಮರದ ಹಿಂದಿನಿಂದ ಹೊರಗೆ ಬಂದು ಕೂಗಿದೆ. “ರೀ ಸ್ವಾಮಿ, ಸೇತುವೆ ಮೇಲಿಂದ ಗಾಡಿ ತೆಗೀರಿ ಮೊದಲು!”

“ಒಂದ್ ನಿಮ್ಸ ಮೇಡಮ್ಮೋರೆ. ಗಾಡಿ ಎದ್ದು ಕಾಣೋದು ಅಲ್ಲೇಯ!”

ಅವನು ಸೇತುವೆಯ ತಲೆಗೆ ನಡೆದು ಬಂದು, ಸರಿಯಾಗಿ ಆ ಮಿತಿ ಬೋರ್ಡಿನ ಮುಂದೆ ಕೈಕಟ್ಟಿ ನಿಂತ. ಬೋರ್ಡು ಪೂರ್ತಿ ಮುಚ್ಚಿಹೋಯಿತು. ಹಿಂದೆ ಲಾರಿ, ಮುಂದೆ ಮೂವತ್ತೆರಡು ಹಲ್ಲೂ ತೋರಿಸುತ್ತಾ ಇವನು. ನಮ್ಮ ಯಜಮಾನರು ಏನು ಮಾಡಿದರು ಗೊತ್ತೇ? “ಗಲ್ಲ ಸ್ವಲ್ಪ ಮೇಲೆ” ಎಂದು ಹೇಳಿ ಕ್ಲಿಕ್ ಮಾಡಿದರು.

“ಕಾಪಿಗೆ ಯಾವಾಗ ಬರ್ಲಿ ಸಾ?” ಎಂದು ಕೇಳಿಕೊಂಡು ಲಾರಿ ಹೋಯಿತು. ಆಮೇಲೆ ಬಂದ ಲಾರಿಗಳೂ ಹಾಗೆಯೇ ನಿಂತವು. ಒಬ್ಬ ಅಂತೂ ಬಾನೆಟ್ ಮೇಲೆ ಹತ್ತಿ ಕೂತ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಸ್ಕೂಟರಿನ ಹಿಂದೆ ಕೂತು ಇವರನ್ನು ಬೈದೆ. ಹೆಲ್ಮೆಟ್ಟಿನೊಳಗೆ ಇವರು ನಗುತ್ತಿದ್ದರೆಂದು ನನಗೆ ಅನುಮಾನ.

ಸಂಜೆ ಇವರು ಡಾರ್ಕ್ ರೂಮಿನಲ್ಲಿ ರೋಲು ತೊಳೆದರು. ನನ್ನ ಮುಖ ಊದಿಕೊಂಡಿದ್ದನ್ನು ನೋಡಿ, ಏನಾದರೂ ದಾರಿ ಮಾಡುತ್ತೇನೆ ಎಂದರು. ಮದುವೆ ಆಲ್ಬಮ್ಮುಗಳಲ್ಲಿ ಹೃದಯದೊಳಗೆ ಗಂಡು ಹೆಣ್ಣನ್ನು ಸೇರಿಸುತ್ತಾರಲ್ಲ, ಆ ಥರ ಎರಡು ನೆಗೆಟಿವ್ ಬೆರೆಸುವ ಕೆಲಸ ಇವರಿಗೆ ಕರಗತವಾಗಿತ್ತು. ಮೊದಲ ಫೋಟೋದಲ್ಲಿ ಬೋರ್ಡು ಚೆನ್ನಾಗಿ ಬಂದಿದೆ, ಎರಡನೆಯದರಲ್ಲಿ ಲಾರಿ ಚೆನ್ನಾಗಿ ಬಂದಿದೆ, ಎರಡನ್ನೂ ಸೇರಿಸಿ ಪ್ರಿಂಟ್ ಹಾಕಿದರಾಯಿತು ಎಂಬುದು ಅವರ ಲೆಕ್ಕ. ನೆಗೆಟಿವ್ ತಿದ್ದಿ ಟಚಿಂಗ್ ಮಾಡುವ ಮೇಜಿನ ಗಾಜಿನ ಕೆಳಗೆ ದೀಪ ಹಾಕಿ, ಒಂದು ನೆಗೆಟಿವ್ ಮೇಲೆ ಇನ್ನೊಂದನ್ನು ಇಟ್ಟರು.

ನಾನು ಅಡುಗೆಗೆ ಹೊತ್ತಾಯಿತೆಂದು ಏಳುವುದರಲ್ಲಿದ್ದೆ. “ಸ್ಟ್ಯಾಂಡು ಅಲ್ಲಾಡಿರಬೇಕು,” ಎಂದು ಇವರು ತಮ್ಮಷ್ಟಕ್ಕೆ ಹೇಳಿಕೊಂಡರು. ಭೂತಗನ್ನಡಿ ಹಿಡಿದು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಮೆಲ್ಲಗೆ, “ಇಲ್ಲಿ ಬಾರೇ,” ಅಂದರು.

ಅಂಥ ದನಿ ನಾನು ಹಿಂದೆಂದೂ ಕೇಳಿರಲಿಲ್ಲ. ಹೋಗಿ ಕನ್ನಡಿಗೆ ಕಣ್ಣಿಟ್ಟೆ. ಈ ದಡದ ಕಲ್ಲಿನ ಕಟ್ಟೆ ಒಂದರ ಮೇಲೊಂದು ಸರಿಯಾಗಿ ಕೂತಿತ್ತು. ಆ ದಡದ ಕಟ್ಟೆಯೂ ಕೂತಿತ್ತು. ಹಿಂದಿನ ತೆಂಗಿನಮರ, ಬಂಡೆ, ಯಾವುದೂ ಕದಲಿರಲಿಲ್ಲ. ಸೇತುವೆಯ ತೊಲೆ ಮಾತ್ರ ಎರಡಾಗಿತ್ತು. ದಡದ ಹತ್ತಿರ ಒಂದೇ ಗೆರೆಯಾಗಿ ಶುರುವಾಗಿ, ನಡುವಿಗೆ ಬರುತ್ತಾ ಒಂದು ಗೆರೆ ಇನ್ನೊಂದರಿಂದ ಕೆಳಕ್ಕೆ ಇಳಿದು, ಲಾರಿಯ ಚಕ್ರದ ಕೆಳಗೆ ಕೂದಲೆಳೆಯಷ್ಟು ದೂರವಾಗಿ, ಆಚೆ ದಡದಲ್ಲಿ ಮತ್ತೆ ಸೇರಿಕೊಂಡಿತ್ತು.

ಸೇತುವೆ ಬಾಗಿತ್ತು.

ಹಳ್ಳದ ದಡದಲ್ಲಿ ನಾವಿಬ್ಬರೂ ಕಣ್ಣು ಬಿಟ್ಟುಕೊಂಡು ನಿಂತಿದ್ದೆವು. ಆ ಡ್ರೈವರು ನಿಂತಿದ್ದ, ಕ್ಲೀನರು ನಿಂತಿದ್ದ. ಯಾರ ಕಣ್ಣಿಗೂ ಕಾಣದ್ದು, ಅಷ್ಟು ದೊಡ್ಡ ಕಬ್ಬಿಣ ಬಗ್ಗಿ ಮತ್ತೆ ಎದ್ದದ್ದು, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಒಂದು ತುಂಡು ಫಿಲಂಗೆ ಕಂಡಿತ್ತು. ಲಾರಿಯವನು ಗಾಡಿ ಓಡಿಸಿಕೊಂಡು ಹೋಗಿದ್ದರೆ ಚಿತ್ರ ಕಲಸಿಹೋಗುತ್ತಿತ್ತು, ಇದು ಗೊತ್ತೇ ಆಗುತ್ತಿರಲಿಲ್ಲ. ಅವನ ಷೋಕಿಯಿಂದ ಲಾರಿ ನಿಂತಿತು, ಇವರ ತಂದೆಯ ಮಾತಿನಿಂದ ಖಾಲಿ ಸೇತುವೆ ಫಿಲಮ್ಮಿಗೆ ಬಂದಿತ್ತು. ನನಗೆ ಅಳು ಬಂದ ಹಾಗಾಯಿತು, ಕೈಮುಗಿಯಬೇಕು ಅನ್ನಿಸಿತು, ಭಯವೂ ಆಯಿತು.

ಭಯವೇ ಕೊನೆಗೆ ಉಳಿದದ್ದು. ಇದನ್ನು ಕೊಂಡೊಯ್ದು ಇಂಜಿನಿಯರ್ ಮೇಜಿನ ಮೇಲಿಟ್ಟರೆ ಅವರು ಬರೆಯಲೇಬೇಕು. ಸೇತುವೆ ಬಂದ್, ಬಸ್ಸು ಬಂದ್. ಇಡದಿದ್ದರೆ ನಾಳೆ ಬೆಳಿಗ್ಗೆ ಅದೇ ಸೇತುವೆಯ ಮೇಲೆ ಅದೇ ಬಸ್ಸು, ಅದೇ ಮಕ್ಕಳು. ಮೂರ್ನಾಲ್ಕು ದಿನ ಆ ನೆಗೆಟಿವ್ ಸ್ಟುಡಿಯೋದ ಡ್ರಾಯರಿನಲ್ಲೇ ಇತ್ತು. ಸೇತುವೆ ಬಂದಾಗ ನಾನು ಹುಡುಗಿಯರ ತಲೆಗಳನ್ನೇ ನೋಡುತ್ತಾ ಕೂರುತ್ತಿದ್ದೆ.

ಆ ವಾರವೇ ಮೊದಲು ನಿಂತ ಲಾರಿಯ ಡ್ರೈವರು ಕಾಪಿಗೆ ಬಂದ. ನಾನು ಶಾಲೆಯಿಂದ ಬಂದು ಸ್ಟುಡಿಯೋದಲ್ಲಿ ಕೂತಿದ್ದೆ. ನನ್ನನ್ನು ನೋಡಿ ಮುಖ ಅರಳಿಸಿ, “ನಮ್ ಉಡ್ಗಿ ನಿಮ್ ಇಸ್ಕೂಲೇ ಮೇಡಮ್ಮೋರೆ, ಅತ್ತನೇ ಕ್ಲಾಸು,” ಅಂದ. ಹೆಸರು ಹೇಳಿದ. ಎರಡು ಜಡೆ ಹಾಕಿಕೊಂಡು ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿಗೇ ಬಂದು ಕೂರುತ್ತಿದ್ದ ಹುಡುಗಿ. ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಇವರು ಎದ್ದು ಅವನನ್ನು ಟಚಿಂಗ್ ಮೇಜಿನ ಹತ್ತಿರ ಕರೆದರು.

ಅವನಿಗೆ ಕಣ್ಣು ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. “ಇದೇನ್ ಸಾ, ಎಲ್ಡ್ ಗೆರೆ?” ಎಂದು ಕೇಳಿದ. ಇವರು ಒಂದೊಂದಾಗಿ ತೋರಿಸಿದರು. ಇದು ಖಾಲಿ ಸೇತುವೆ, ಇದು ನಿನ್ನ ಗಾಡಿ ನಿಂತಾಗ. ಅವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಕೈ ಮೇಜಿನ ಅಂಚನ್ನು ಹಿಡಿದಿತ್ತು.

“ಹಿಂದ್ಗಡೆ ಸೇತ್ವೆ ಬಗ್ಗೋಯ್ತಾ ಐತೆ, ಮುಂದ್ಗಡೆ ನಾನು ಹಲ್ ಕಿಸ್ಕೊಂಡ್ ನಿಂತಿವ್ನಿ,” ಅಂದ.

ನಾನು ಎಷ್ಟೋ ಬೈಗುಳ ಕೂಡಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. ಇಂಜಿನಿಯರ್ ಹೇಳಿದ್ದನ್ನೂ, ಈ ಫೋಟೋ ಕೊಟ್ಟರೆ ಬಸ್ಸು ನಿಲ್ಲುತ್ತದೆಂಬುದನ್ನೂ ಅವನಿಗೆ ಹೇಳಿದೆ. ಅವನು ತಲೆ ಬಗ್ಗಿಸಿ ಕೇಳಿದ.

“ಬಸ್ಸಿಗೂ ಇಂಗೇ ಬಗ್ತದಾ ಸಾ?” ಎಂದ.

ಈ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆದಿತ್ತು. ಕೇಳುವ ಧೈರ್ಯ ಮಾಡಿದವನು ಅವನು.

“ಬಸ್ಸಿಂದೂ ಒಂದ್ ಫೋಟೋ ತಗೀರಿ. ನನ್ ಗಾಡಿ ನಿಂತಿದ್ ಜಾಗ ನಂಗೊತ್ತು. ಅಲ್ಲೇ ನಿಲ್ಲುಸ್ತೀನಿ. ಬಸ್ಸಿಗೂ ಬಗ್ಗುದ್ರೆ, ಮೇಡಮ್ಮೋರೆ, ನೀವ್ ಅದೇನ್ ಬರ್ಸ್ಬೇಕೋ ಬರ್ಸ್ಬುಡಿ. ನಮ್ ಉಡ್ಗಿ ಓದು ಅಲ್ಲಿಗೇ ಆಯ್ತು ಅನ್ಕತೀನಿ. ಜೀವ ಇದ್ರೆ ಸಾಕು.”

ಬಸ್ಸಿನ ಡ್ರೈವರಿಗೆ ನಾನೇ ಹೇಳಿದೆ. ಪುಣ್ಯಾತ್ಮ, ಹೆಚ್ಚು ಪ್ರಶ್ನೆ ಕೇಳಲಿಲ್ಲ. ದಿನಾ ದಾಟುವ ಸೇತುವೆಯೇ ಅಲ್ಲವೇ, ಉಸಿರು ಬಿಡುವಷ್ಟು ಹೊತ್ತು ನಿಲ್ಲಿಸಿದರೆ ಏನಾಯಿತು, ಎಂಜಿನ್ ಬಿಸಿಯಾಯ್ತು ಅನ್ನುತ್ತೇನೆ ಎಂದ. ಖಾಲಿ ಬಸ್ಸು ನಿಲ್ಲಿಸಿ ತೆಗೆಯಬಹುದಲ್ಲ ಎಂದು ನೀವು ಕೇಳಬಹುದು. ಖಾಲಿ ಬಸ್ಸಿಗೆ ಸೇತುವೆ ಏನು ಹೇಳುತ್ತದೋ ತಿಳಿದುಕೊಂಡು ನಮಗೇನು ಆಗಬೇಕಿತ್ತು? ನಮ್ಮ ಬಸ್ಸು ಎಂದೂ ಖಾಲಿ ಹೋದದ್ದಿಲ್ಲ.

“ನೀನು ಆವತ್ತು ರಜೆ ಹಾಕು,” ಎಂದರು ಇವರು.

“ನಾನು ರಜೆ ಹಾಕಿದ್ರೆ ಆ ಮಕ್ಕಳೂ ರಜೆ ಹಾಕ್ತಾರಾ?” ಎಂದೆ.

ಮಾರನೆಯ ಬೆಳಿಗ್ಗೆ ಬಸ್ಸು ಸೇತುವೆ ಹತ್ತಿತು. ಸೇತುವೆಯ ಆ ತುದಿಯಲ್ಲಿ ಲಾರಿ ಡ್ರೈವರು ನಿಂತು ಕೈ ಮಾಡಿ ಮುಂದಕ್ಕೆ, ಮುಂದಕ್ಕೆ ಎಂದು ಕರೆಯುತ್ತಿದ್ದ. ಆಮೇಲೆ ಎರಡೂ ಅಂಗೈ ಎತ್ತಿ ನಿಲ್ಲಿಸಿದ. ಬಸ್ಸು ನಡುವೆ ನಿಂತಿತು. ಕೆಳಗೆ ದಡದಲ್ಲಿ ಇವರು ಕ್ಯಾಮೆರಾದ ಹಿಂದೆ ಬಗ್ಗಿದ್ದರು. ಹುಡುಗಿಯರ ಕಣ್ಣಿಗೆ ಕ್ಯಾಮೆರಾ ಬಿದ್ದದ್ದೇ ತಡ, “ಮಿಸ್ ಯಜಮಾನ್ರು! ಫೋಟೋ!” ಎಂದು ಒಬ್ಬಳು ಕಿರುಚಿದಳು. ಎಲ್ಲರೂ ಒಂದೇ ಕಡೆ ಕಿಟಕಿಗೆ ನುಗ್ಗಿದರು. ಒಬ್ಬಳು ಟೇಪು ಸರಿ ಮಾಡಿಕೊಂಡಳು, ಒಬ್ಬಳು ಬಾಚಿದ ತಲೆಯನ್ನೇ ಮತ್ತೆ ನೀವಿಕೊಂಡಳು. ಎರಡು ಜಡೆಯ ಹುಡುಗಿ ತುದಿಯಲ್ಲಿ ನಿಂತಿದ್ದ ತಂದೆಯನ್ನು ನೋಡಿ, “ಅಪ್ಪಾ!” ಎಂದು ಕೈ ಬೀಸಿದಳು. ಅವನು ಕೈ ಬೀಸಲಿಲ್ಲ. ಎರಡೂ ಅಂಗೈ ಎತ್ತಿಕೊಂಡೇ ನಿಂತಿದ್ದ.

ಎಂಜಿನ್ನಿನ ನಡುಕ ಸೀಟಿನಿಂದ ನನ್ನ ಬೆನ್ನಿಗೆ ಬರುತ್ತಿತ್ತು. ನಕ್ಕು ನಲಿಯುತ್ತಿದ್ದ ಅಷ್ಟು ಮಕ್ಕಳ ನಡುವೆ ನಮ್ಮ ಕೆಳಗೆ ಏನಿದೆ ಎಂದು ಗೊತ್ತಿದ್ದವಳು ನಾನೊಬ್ಬಳು. ಆ ಕಬ್ಬಿಣದ ಹತ್ತಿರ ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ದೇವರ ಹತ್ತಿರವೂ ನಾನು ಹಾಗೆ ಬೇಡಿಕೊಂಡವಳಲ್ಲ.

ಅವತ್ತು ತೊಳೆದ ನೆಗೆಟಿವ್ ಕೆಲಸಕ್ಕೆ ಬರಲಿಲ್ಲ. ಎಲ್ಲವೂ ಎರಡೆರಡಾ‌ಗಿ ಕಲಸಿಹೋಗಿತ್ತು, ಕಟ್ಟೆಯೂ ಮರವೂ ಸೇರಿ. ಮದುವೆಮನೆಯ ನೂಕುನುಗ್ಗಲಿನಲ್ಲೂ ಕೈ ನಡುಗದ ಮನುಷ್ಯ ಬಟನ್ ಒತ್ತುವಾಗ ನಡುಗಿಬಿಟ್ಟಿದ್ದರು. ಇವರು ನನ್ನನ್ನು ಎಷ್ಟು ಪ್ರೀತಿಸುತ್ತಾರೆಂದು ಬಾಯಿಬಿಟ್ಟು ಹೇಳಿದವರಲ್ಲ. ಆ ಕೆಟ್ಟುಹೋದ ನೆಗೆಟಿವ್ ಹಿಡಿದುಕೊಂಡು ನಿಂತಿದ್ದಾಗ ನನಗೆ ಅದು ಪೂರ್ತಿ ತಿಳಿಯಿತು. ಮಾರನೆಯ ದಿನ ಮತ್ತೆ ಬಸ್ಸು ನಿಂತಿತು. ಈ ಸಲ ಇವರು ಕ್ಯಾಮೆರಾಕ್ಕೆ ತಂತಿಯ ಬಟನ್ ಸಿಕ್ಕಿಸಿ, ದೂರ ಸರಿದು, ನೆಲ ನೋಡುತ್ತಾ ಒತ್ತಿದರು.

ಸಂಜೆ ಲಾರಿ ಡ್ರೈವರು ನಮಗಿಂತ ಮೊದಲೇ ಬಂದು ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದ. ಅವತ್ತಿನ ರೋಲಿನಲ್ಲೂ ಮೊದಲದು ಖಾಲಿ ಸೇತುವೆ, ಎರಡನೆಯದು ಬಸ್ಸು. ನೆಗೆಟಿವ್ ಒಣಗುವ ತನಕ ಮೂವರೂ ಕಾದೆವು. ಇವರು ಗಾಜಿನ ಕೆಳಗೆ ದೀಪ ಹಾಕಿದರು. ಈ ದಡದ ಕಟ್ಟೆ ಹೊಂದಿಸಿದರು, ಆ ದಡದ ಕಟ್ಟೆ ಹೊಂದಿಸಿದರು, ಬಗ್ಗಿ ನೋಡಿದರು. ಆಮೇಲೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

ಒಂದೇ ಗೆರೆ. ದಡದಿಂದ ದಡಕ್ಕೆ, ನಡುವಿನಲ್ಲೂ ಒಂದೇ ಗೆರೆ. ಅದರ ಮೇಲೆ ಬಸ್ಸು, ಬಸ್ಸಿನ ಕಿಟಕಿಗಳಲ್ಲಿ ಎಳ್ಳಿನಷ್ಟು ಎಳ್ಳಿನಷ್ಟು ಮುಖಗಳು. ನಾನು ಕನ್ನಡಿಯನ್ನು ಡ್ರೈವರಿಗೆ ಕೊಟ್ಟೆ. ಅವನು ನೋಡಿದ. ನೋಡಿ, ಡಾರ್ಕ್ ರೂಮಿನ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತು, ಟವೆಲನ್ನು ಮುಖಕ್ಕೆ ಒತ್ತಿಕೊಂಡ. ಇವರು ಅವನಿಗೆ ನೀರು ತಂದುಕೊಟ್ಟರು.

ಸಮಾಧಾನವಾದ ಮೇಲೆ ಅವನು ಹೇಳಿದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. “ಎಲ್ಡೂ ಫೋಟೋನೂ ದೊಡ್ದು ಮಾಡಿ ನಿಮ್ ಗಾಜಿನ್ ಶೋಕೇಸಲ್ಲಿ ಆಕಿ ಸಾ. ಡ್ರೈವರ್‌ಗಳೆಲ್ಲ ಟೀ ಕುಡಿಯಾಕೆ ಇಲ್ಲೇ ಬರೋದು.”

“ಆಗಲಿ, ನಿನ್ನ ಮುಖ, ಗಾಡಿ ಬಾಗಿಲ ಮೇಲಿನ ನಂಬರು ಎಲ್ಲ ಅಳಿಸಿ ಹಾಕ್ತೀನಿ,” ಎಂದು ಇವರು ಪೆನ್ಸಿಲ್ ಕೈಗೆ ತೆಗೆದುಕೊಂಡರು.

“ಬ್ಯಾಡ ಸಾ. ನಂಬರ್ ಕಾಣ್ಬೇಕು, ನನ್ ಮಖಾನೂ ಕಾಣ್ಬೇಕು. ಯಾವನ್ದೋ ಗಾಡಿ ಅಂದ್ರೆ ನಕ್ಕಂಡ್ ಓಯ್ತಾರೆ. ನಂದು ಅಂದ್ರೆ ನನ್ನ ಬಂದ್ ಕೇಳ್ತಾರೆ. ನಾನ್ ಯೋಳ್ತೀನಿ.”

“ನಿಮ್ಮ ಓನರ್ ಸುಮ್ಮನಿರ್ತಾನಾ?” ಎಂದೆ.

“ಬೈತಾನೆ. ಬೈಲಿ ಬುಡಿ ಮೇಡಮ್ಮೋರೆ.”

ಶೋಕೇಸಿನಲ್ಲಿ ಮದುಮಕ್ಕಳ ಫೋಟೋಗಳನ್ನು ಪಕ್ಕಕ್ಕೆ ಸರಿಸಿ ಇವರು ಖಾಲಿ ಸೇತುವೆಯ ನೆಗೆಟಿವ್ ಬೆರೆಸಿ ದೊಡ್ಡದು ಮಾಡಿದ ಆ ಎರಡನ್ನು ಹಾಕಿದರು. ಒಂದರ ಕೆಳಗೆ ‘ಲಾರಿ’, ಇನ್ನೊಂದರ ಕೆಳಗೆ ‘ಬಸ್ಸು’, ಅಷ್ಟೇ ಬರೆದರು. ನಾನು ಉದ್ದುದ್ದ ಬರೆಯಬೇಕೆಂದಿದ್ದೆ, ಕೇಳಲಿಲ್ಲ. ಡ್ರೈವರುಗಳು ಟೀ ಲೋಟ ಹಿಡಿದು ಬಂದು ಗಾಜಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು. ಮೊದಲು ನಗು, ಚೇಷ್ಟೆ. ಆಮೇಲೆ ಯಾರೋ ಒಬ್ಬ ಬೆರಳಿಟ್ಟು ಗೆರೆ ತೋರಿಸುತ್ತಿದ್ದ. ಮಾತು ನಿಂತುಹೋಗುತ್ತಿತ್ತು. ಅಷ್ಟು ಗಲಾಟೆಯ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಗಂಡಸರು ಬಾಯಿಮುಚ್ಚಿ ನಿಂತದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಇಂಜಿನಿಯರ್ ಕೂಡ ಬಂದು ನೋಡಿದರು. ಬಹಳ ಹೊತ್ತು ನೋಡಿದರು. ನಾವು ಓದುವಾಗ ಇದನ್ನೆಲ್ಲ ಲೆಕ್ಕ ಮಾಡಿ ಬರೆದಿದ್ದೇವೆ ಮೇಡಂ, ಕಣ್ಣಾರೆ ಕಂಡದ್ದು ಇದೇ ಮೊದಲು ಎಂದರು. ಬಸ್ಸು ಬಿಟ್ಟು ಭಾರದ ಗಾಡಿಗಳಿಗಷ್ಟೇ ತಡೆ ಹಾಕಿ, ಹೊಸ ಸೇತುವೆ ಬೇಕೆಂದು ಮೇಲಿನವರಿಗೆ ಬರೆದರು. ಹೊಸದು ಬಂದದ್ದು ಎರಡು ಸಾವಿರದ ಇಸವಿಯೂ ಕಳೆದ ಮೇಲೆ. ಅಷ್ಟು ವರ್ಷವೂ ಹಳೆಯ ಸೇತುವೆ ನಿಂತಿತ್ತು, ಬಸ್ಸು ಓಡಾಡಿತು.

ಇದೆಲ್ಲಕ್ಕಿಂತ ನನ್ನ ಕಣ್ಣಿನಲ್ಲಿ ಉಳಿದಿರುವುದು ಫೋಟೋ ಹಾಕಿದ ಮರುದಿನದ ಸಂಜೆ. ಶಾಲೆ ಬಿಟ್ಟು ಬಸ್ಸಿಗೆ ಕಾಯಲು ಸೇತುವೆಯ ತಲೆಗೆ ಬಂದರೆ ರಸ್ತೆಯ ಪಕ್ಕದಲ್ಲಿ ಸೈಜುಗಲ್ಲಿನ ಒಂದು ಗುಡ್ಡೆ ಬಿದ್ದಿತ್ತು. ಬೆಳಿಗ್ಗೆ ಅದು ಇರಲಿಲ್ಲ. ನೋಡುತ್ತಿದ್ದ ಹಾಗೆಯೇ ಗಣಿಯ ಕಡೆಯಿಂದ ಒಂದು ಲಾರಿ ಬಂದು ನಿಂತಿತು. ಡ್ರೈವರು ಕ್ಲೀನರು ಇಬ್ಬರೂ ಹತ್ತಿ, ಹಲಗೆಯಿಂದ ಮೇಲಿದ್ದ ಕಲ್ಲುಗಳನ್ನೆಲ್ಲ ಒಂದೊಂದಾಗಿ ಗುಡ್ಡೆಗೆ ಎಸೆದು, ಇನ್ನೊಂದು ಟ್ರಿಪ್ಪಿಗೆ ಬಿಟ್ಟು, ಮೆಲ್ಲಗೆ ಸೇತುವೆ ದಾಟಿ ಹೋದರು. ಅದರ ಹಿಂದಿನ ಲಾರಿಯೂ ಹಾಗೆಯೇ ಮಾಡಿತು. ಯಾವ ಪೊಲೀಸೂ ಅಲ್ಲಿರಲಿಲ್ಲ, ನಮ್ಮ ಯಜಮಾನರೂ ಇರಲಿಲ್ಲ. ಗುಡ್ಡೆ ನನ್ನ ಎತ್ತರಕ್ಕೆ ಬೆಳೆದಿತ್ತು. ನಾನು ಅದರ ಮುಂದೆ ಬೆಪ್ಪಾಗಿ ನಿಂತೆ. ಇಷ್ಟು ದಿನ ನಮ್ಮ ಬಸ್ಸಿನ ಹಿಂದೆ ಮುಂದೆ ಸೇತುವೆಯ ಮೇಲೆ ಹೋಗುತ್ತಿದ್ದ ಭಾರ ಇದು, ಈಗ ನೆಲದ ಮೇಲೆ ಸುಮ್ಮನೆ ಬಿದ್ದಿದೆ.

ಹುಡುಗಿಯರಿಗೆ ಕೂರಲು ಜಾಗ ಸಿಕ್ಕಿತೆಂದು ಖುಷಿ. ಬ್ಯಾಗು ತೆಗೆದಿಟ್ಟು ಕಲ್ಲುಗಳ ಮೇಲೆ ಸಾಲಾಗಿ ಕೂತರು. ಎರಡು ಜಡೆಯ ಹುಡುಗಿ ಎಲ್ಲರಿಗಿಂತ ಮೇಲೆ ಹತ್ತಿ ಕೂತು ಸರಿದು ನನಗೂ ಜಾಗ ಮಾಡಿದಳು. ಊರಿನ ಸ್ಟುಡಿಯೋದಲ್ಲಿ ಅವಳ ಅಪ್ಪನ ಫೋಟೋ ತೂಗುತ್ತಿರುವುದು ಅವಳಿಗಿನ್ನೂ ಗೊತ್ತಿರಲಿಲ್ಲ.

“ಮಿಸ್, ಇಷ್ಟೊಂದು ಕಲ್ಲು ಯಾಕ್ ಮಿಸ್ ಇಲ್ಲಿ ಆಕವ್ರೆ?” ಎಂದು ಕೇಳಿದಳು.

“ನೀವು ದಾಟಿ ಅಂತ,” ಎಂದೆ.

ಅವಳಿಗೆ ಏನು ಅರ್ಥವಾಯಿತೋ, ನನ್ನ ಕಣ್ಣು ಒದ್ದೆಯಾದದ್ದನ್ನು ನೋಡಿ ನನ್ನ ಬ್ಯಾಗನ್ನು ತಾನೇ ಎತ್ತಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ಎಲ್ಲರೂ ಒಂದೇ ಸಲ ನುಗ್ಗಿ ಹತ್ತಿದೆವು.